ಚಂದ್ರಿಕೆಯ ಮರೆ

ಕೋಲಾರದಲ್ಲಿ ಅಂಗನವಾಡಿ ಟೀಚರುಗಳಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಆ ಹೊತ್ತಿಗೆ ನಾನು ಟೀಚರಾಗಿ ನಾಲ್ಕೈದು ವರ್ಷವಾಗಿತ್ತು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಮೇಡಂ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ತಲೆಯ ಮೇಲೆ ಫ್ಯಾನು ತಿರುಗಿಸಿಕೊಂಡು, ಹವಾಮಾನ ಬದಲಾಗುತ್ತಿದೆ, ಬಿಸಿಲು ಏರುತ್ತಿದೆ, ಅದರ ಮೊದಲ ಪೆಟ್ಟು ಬಸುರಿ ಹೆಂಗಸರಿಗೆ ಎಂದು ಹೇಳಿದರು. ಅಲ್ಲಿಯವರೆಗೆ ಸರಿ. ಆಮೇಲೆ, "ಆದ್ದರಿಂದ ಗರ್ಭಿಣಿಯರಿಗೆ ದಿನಕ್ಕೆ ಹತ್ತು ಲೋಟ ನೀರು ಕುಡಿಯೋಕೆ ಹೇಳಿ. ಅದಕ್ಕೇನೂ ಕಷ್ಟ ಇಲ್ಲವಲ್ಲ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, "ಕುಡಿದು ಎಲ್ಲಿಗೆ ಹೋಗ್ಬೇಕು ಮೇಡಂ?" ಎಂದು ಕೇಳಿದೆ. ಇಡೀ ಸಭೆ ಗೊಳ್ಳೆಂದು ನಕ್ಕಿತು. ಮೇಡಂ ಕೂಡ ನಕ್ಕು ಮುಂದಿನ ವಿಷಯಕ್ಕೆ ಹೋದರು. ನಾನು ತಮಾಷೆಗೆ ಕೇಳಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗದೆ ನನ್ನದೊಂದು ಮಗು ಸತ್ತಿದೆ.

ನನ್ನ ತವರು ಯಲ್ದೂರು. ಮನೆಯ ಹಿಂದೆಯೇ ಮಾವಿನ ತೋಪು. ಹೊಟ್ಟೆಯೊಳಗಿನದು ಹೊರಗೆ ಹೋಗಬೇಕೆಂದರೆ ಒಂದು ಮರದ ಹಿಂದೆ ಹೋದರಾಯಿತು, ಅದು ಬೆಳಗ್ಗೆಯಾಗಲಿ ಮಧ್ಯಾಹ್ನವಾಗಲಿ. ಅದೂ ಒಂದು ಭಾಗ್ಯ ಎಂದು ನನಗೆ ಆಗ ಗೊತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನನ್ನನ್ನು ದೇವರಾಯಸಮುದ್ರದ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಗಂಡನ ಮನೆಯವರದು ಹಿಪ್ಪುನೇರಳೆ ಬೇಸಾಯ, ರೇಷ್ಮೆ ಹುಳ ಸಾಕುವ ಕಸುಬು. ಮನೆಗೆ ತಾಗಿಕೊಂಡೇ ಹುಳಕ್ಕೆಂದು ಕಟ್ಟಿದ ಶೀಟಿನ ಮನೆ. ಹುಳಕ್ಕೆ ಮನೆ ಇತ್ತು, ದನಕ್ಕೆ ಕೊಟ್ಟಿಗೆ ಇತ್ತು, ಕೋಳಿಗೆ ಗೂಡು ಇತ್ತು. ಹೆಂಗಸರು ಒಂದಕ್ಕೆ ಹೋಗಲು ಮಾತ್ರ ನಾಲ್ಕು ಅಡಿ ಮರೆ ಇರಲಿಲ್ಲ.

ಅತ್ತೆಯ ಕಾಲದಲ್ಲಿ ಅದು ಬೇಕಿರಲಿಲ್ಲವಂತೆ. ಊರ ಹಿಂದಿನ ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತಿತ್ತು. ಅಂಚಿಗೆ ಆಳೆತ್ತರದ ಜೊಂಡು, ಏರಿಯ ಕೆಳಗೆ ಹೊಂಗೆಯ ಸಾಲು. ಹೆಂಗಸರು ಯಾವಾಗ ಬೇಕಾದರೂ ಬಟ್ಟೆ ಒಗೆಯುವ ನೆಪದಲ್ಲಿ ಹೋಗಿ ಬರುತ್ತಿದ್ದರು. ನಾನು ಹೋಗುವಷ್ಟರಲ್ಲಿ ಕೆರೆ ಬತ್ತಿ ಬಯಲಾಗಿತ್ತು. ಜೊಂಡು ಒಣಗಿ ಉರುವಲಾಗಿ ಹೋಗಿತ್ತು. ಹೊಂಗೆ ಮರಗಳು ಒಂದೊಂದಾಗಿ ಒಣಗಿದವು, ಉಳಿದವನ್ನು ಕಡಿದರು. ಕೆರೆಯ ಹೊಟ್ಟೆಯೊಳಗೆ ದಿನವಿಡೀ ಟ್ರ್ಯಾಕ್ಟರುಗಳು ಹೂಳು ತುಂಬಿಕೊಳ್ಳುತ್ತಿದ್ದವು, ಸುತ್ತ ಗಂಡಸರು ಬೀಡಿ ಸೇದುತ್ತ ನಿಂತಿರುತ್ತಿದ್ದರು. ಅಲ್ಲಿ ಒಂದು ಇಲಿ ಓಡಿದರೂ ಊರಿಗೆಲ್ಲ ಕಾಣುತ್ತಿತ್ತು.

ಹಾಗಾಗಿ ನಮ್ಮೂರ ಹೆಂಗಸರಿಗೆ ದಿನಕ್ಕೆ ಎರಡೇ ಸಲ. ಬೆಳಕು ಹರಿಯುವ ಮುಂಚೆ ಒಮ್ಮೆ, ಕತ್ತಲು ಕವಿದ ಮೇಲೆ ಒಮ್ಮೆ. ನಡುವಿನ ಹೊತ್ತಿಗೆ ಒಂದೇ ಉಪಾಯ, ನೀರು ಕುಡಿಯದಿರುವುದು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆ ನನಗೆ ಇದನ್ನು ಕಲಿಸಿದರು. ಹಾಲು ಕಾಯಿಸುವುದು, ಹುಳಕ್ಕೆ ಸೊಪ್ಪು ಹೆಚ್ಚುವುದು, ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗಿಯುವುದು. ಮನೆಗೆ ಬಂದ ಸೊಸೆ ಕಲಿಯಬೇಕಾದ ಕೆಲಸಗಳಲ್ಲಿ ಅದೂ ಒಂದು ಎನ್ನುವಷ್ಟು ಸಹಜವಾಗಿ ಹೇಳಿದ್ದರು.

ಮೊದಲನೇ ಬಸಿರು ನಿಂತಾಗ ನನಗೆ ಹುಳಿ ಬೇಕೆನಿಸಲಿಲ್ಲ, ಸಿಹಿ ಬೇಕೆನಿಸಲಿಲ್ಲ. ನೀರು ಬೇಕೆನಿಸುತ್ತಿತ್ತು. ಯುಗಾದಿಗೆ ಮುಂಚೆಯೇ ಬಿಸಿಲು ಕೆಂಡವಾಗಿತ್ತು. ನಡುವೆ ಒಂದಾದರೂ ಮಳೆ ಬಿದ್ದು ನೆಲ ತಂಪಾಗಬೇಕಿತ್ತು, ಆ ವರ್ಷ ಅದೂ ಬರಲಿಲ್ಲ. ಬಿಂದಿಗೆಯ ಹತ್ತಿರ ಹೋಗಿ ಒಂದು ಲೋಟ ಬಗ್ಗಿಸಿಕೊಂಡರೆ ಅತ್ತೆ ಒಳಗಿನಿಂದಲೇ ಸದ್ದು ಕೇಳಿ ಹೇಳುತ್ತಿದ್ದರು.

"ಏನಮ್ಮೋ, ಎಷ್ಟನೇ ಲೋಟ ಅದು? ನಾನು ಆರು ಹೆತ್ತಿದ್ದೀನಿ ಕಣೇ. ಒಂದು ಬಸುರೀಗೂ ನೀರು ನೀರು ಅಂತ ಬಾಯಿ ಬಿಟ್ಟೋಳಲ್ಲ. ಕಾಲು ನೋಡ್ಕೋ, ಆಗ್ಲೇ ಊದ್ಕೊಂಡೈತೆ. ಇನ್ನೂ ಕುಡಿದ್ರೆ ಕೂಸಿಗೂ ಬಾವು ಬರ್ತದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಆರನ್ನೂ ಹೆತ್ತಿದ್ದರು, ಆರೂ ಬದುಕಿದ್ದವು. ಆದರೆ ಅವರು ಬಸುರಿಯಾಗಿದ್ದದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ, ಕೆರೆಯ ಕಡೆಯಿಂದ ಗಾಳಿ ಬೀಸುತ್ತಿದ್ದ ಕಾಲದಲ್ಲಿ. ನಾನಿದ್ದದ್ದು ಶೀಟಿನ ಕೆಳಗೆ, ಮನೆಗೂ ಶೀಟೇ ಹಾಕಿಸಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯನ್ನು ಅವರೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಬಿಸಿಲಿಗೂ ಹಾಗೆ ಎರಡು ಕಾಲ ಇರುತ್ತದೆಂದು ಅವರಿಗೆ ಹೊಳೆಯಲಿಲ್ಲ.

ಏಳನೇ ತಿಂಗಳಲ್ಲಿ ಸೀಮಂತವಾಯಿತು. ಅಮ್ಮ ಯಲ್ದೂರಿನಿಂದ ಸೀರೆ, ಬಳೆ, ಚಿಗಳಿ ತಂಬಿಟ್ಟು ಎಲ್ಲ ಹೊತ್ತು ತಂದಳು. ಪದ್ಧತಿಯಂತೆ ಮಾರನೆಯ ದಿನ ನನ್ನನ್ನು ತವರಿಗೆ ಕರೆದುಕೊಂಡು ಹೋಗಬೇಕಿತ್ತು. ಆದರೆ ಹುಳ ಆಗ ತಾನೇ ಮೂರನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ಹುಳ ಹಣ್ಣಾಗಿ, ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿದ, ಬಾಗಿಲಿನಷ್ಟು ದೊಡ್ಡ ತಟ್ಟಿ. ಬಸುರಿಯ ಕೈಯಲ್ಲಿ ಸೊಪ್ಪು ಹಾಕಿಸಿದರೆ ಗೂಡು ಗಟ್ಟಿಯಾಗುತ್ತದೆ ಎಂದು ನಮ್ಮ ಅತ್ತೆಗೆ ಒಂದು ನಂಬಿಕೆ. ಊರಿನಲ್ಲಿ ಬೇರೆ ಯಾರಿಗಾದರೂ ಇತ್ತೋ ಇಲ್ಲವೋ ನಾನು ಕಾಣೆ.

"ಗೂಡು ಬಿಡಿಸಿದ ಮಾರನೇ ದಿನಾನೇ ಕಳಿಸ್ತೀವಿ, ಬೀಗಿತಿ. ಇನ್ನು ಹದಿನೈದು ದಿನ. ಮನೆಗೆ ಬಂದಿರೋ ಲಕ್ಷ್ಮೀನ ಈಗ ಎಬ್ಬಿಸಬೇಡಿ," ಎಂದರು ಅತ್ತೆ.

ಅಮ್ಮ ನನ್ನ ಮುಖ ನೋಡಿದಳು. ಬಿಟ್ಟು ಹೋಗಬೇಡ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವಳು ಬಸ್ಸು ಹತ್ತಿ ಒಬ್ಬಳೇ ಹೋದಳು. ಅವಳ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ. ಮಗಳ ಕಣ್ಣು ಓದಲು ಬಾರದ ತಾಯಿಗೆ ಅಷ್ಟೊಂದು ಚಿಗಳಿ ಮಾಡುವ ಕೆಲಸವೇನಿತ್ತು?

ಅಷ್ಟರಲ್ಲಿ ಉರಿಮೂತ್ರ ಶುರುವಾಗಿ ಎರಡು ವಾರವಾಗಿತ್ತು. ಬೆಳಗಿನ ಕತ್ತಲಲ್ಲಿ ಬೇಲಿಯ ಮಗ್ಗುಲಿಗೆ ಕೂತರೆ ಬೆಂಕಿ ಹೋದಂತೆ ಹೋಗುತ್ತಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಕೊನೆಗೆ ಚುಚ್ಚುಮದ್ದು ಹಾಕಲು ಬಂದ ನರ್ಸಮ್ಮನ ಕಿವಿಯಲ್ಲಿ ಹೇಳಿದೆ. ಆಕೆ ಮಾತ್ರೆ ಕೊಟ್ಟು, "ಮಾತ್ರೆಗಿಂತ ನೀರು ಮುಖ್ಯ ಕಣಮ್ಮ, ಚೆನ್ನಾಗಿ ಕುಡಿ," ಎಂದರು. ಹಗಲು ಎಲ್ಲಿಗೆ ಹೋಗುವುದು ಎಂದು ಕೇಳಿದೆ. ಆಕೆ ಸುತ್ತ ನೋಡಿ ದನಿ ತಗ್ಗಿಸಿದರು. "ನನ್ನೇ ಕೇಳ್ತೀಯಲ್ಲ. ಬೆಳಗ್ಗೆ ಮುಳಬಾಗಿಲಲ್ಲಿ ಮನೆ ಬಿಟ್ಟೋಳು ಸಾಯಂಕಾಲ ವಾಪಸ್ ಹೋಗೋವರ್ಗೂ ಒಂದು ಗುಟುಕು ಕುಡಿಯಲ್ಲ ನಾನು." ಉಪದೇಶ ಮಾಡುವವಳ ಗತಿಯೇ ಇದು. ನಗು ಬರಬೇಕಿತ್ತು, ಬರಲಿಲ್ಲ.

ಅತ್ತೆಗೆ ವಿಷಯ ತಿಳಿದದ್ದು ಮಾತ್ರೆಯ ಚೀಟಿಯಿಂದ. ಉಷ್ಣ ಕಣೇ ಎಂದು ನೆತ್ತಿಗೂ ಹೊಕ್ಕುಳಿಗೂ ಹರಳೆಣ್ಣೆ ಹಚ್ಚಿದರು. ಕೈ ಮೃದುವಾಗಿಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಹಚ್ಚಿ ಮುಗಿಸಿ, ಸೊಪ್ಪಿನ ಹೊತ್ತಾಯಿತು ಏಳು ಎಂದರು.

ನಾಲ್ಕನೇ ಜ್ವರ ಎದ್ದ ಹುಳ ಬಕಾಸುರ. ಹಗಲು ಇರುಳು ಸೊಪ್ಪು ಬೇಕು. ಅದಕ್ಕಿಂತ ಹೆಚ್ಚಾಗಿ ತಂಪು ಬೇಕು, ಸೆಕೆ ಹೆಚ್ಚಾದರೆ ಸಪ್ಪೆ ರೋಗ ಬಂದು ತಟ್ಟೆಗಟ್ಟಲೆ ಕಪ್ಪಾಗಿ ಸಾಯುತ್ತದೆ. ಹೋದ ಬೆಳೆ ಹಾಗೇ ಹೋಗಿತ್ತು. ಅದಕ್ಕೆ ಈ ಸಲ ನಮ್ಮವರು ದೂರದ ತೋಟದ ಬಾವಿಯಿಂದ ಟ್ಯಾಂಕರಿನಲ್ಲಿ ನೀರು ತಂದು, ಹುಳದ ಮನೆಯ ಸುತ್ತ ಗೋಣಿತಾಟು ಇಳಿಬಿಟ್ಟು, ಗಂಟೆಗೊಮ್ಮೆ ನೆನೆಸುತ್ತಿದ್ದರು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಹುಳಕ್ಕೆ. ಗೋಣಿ ನೆನೆಸುವ ಕೆಲಸ ನನ್ನದು. ಬಿಂದಿಗೆ ಬಿಂದಿಗೆ ನೀರು ಹೊತ್ತು ಎರಚುತ್ತಿದ್ದೆ. ಕೈಯಲ್ಲಿ ನೀರು, ಗಂಟಲು ಒಣಗಿ ಹಲಗೆ. ಕುಡಿಯಬೇಡ ಎಂದು ಆಗ ಯಾರೂ ಪಕ್ಕದಲ್ಲಿ ನಿಂತು ತಡೆಯುತ್ತಿರಲಿಲ್ಲ. ನಾನೇ ಕತ್ತಲಿಗೆ ಇನ್ನೆಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿ ಸುಮ್ಮನಾಗುತ್ತಿದ್ದೆ.

ಒಂದು ಮಧ್ಯಾಹ್ನ ಕಣ್ಣು ಕತ್ತಲಿಟ್ಟಿತು. ಹುಳದ ಮನೆಯೊಳಗೆ, ಗೋಣಿಯ ಪಕ್ಕ, ಫ್ಯಾನಿನ ಗಾಳಿ ಬರುವ ಕಡೆ ಸೆರಗು ಹಾಸಿ ಮಲಗಿದೆ. ಆ ಊರಿನಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿರಲಿಲ್ಲ. ಎರಡು ದಿನದಿಂದ ಅಲುಗದಿದ್ದ ಮಗು ಹೊಟ್ಟೆಯೊಳಗೆ ಮಿಸುಕಾಡಿತು. ಅತ್ತೆ ಬಂದು ಭುಜ ಅಲುಗಿಸಿದರು.

"ಏಳೇ, ಏಳು. ಹುಳ ಇರೋ ಕಡೆ ಮಲಗ್ತಾರಾ? ಗಾಳಿಗೆ ಅಡ್ಡ ಬಿದ್ದಿದ್ದೀಯ. ಆ ಮೂಲೇಲಿರೋ ತಟ್ಟೆಗಳಿಗೆ ಗಾಳಿನೇ ಹೋಗ್ತಿಲ್ಲ."

ಎದ್ದೆ. ಎದ್ದದ್ದಕ್ಕೆ ಈಗಲೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಅದಾದ ನಾಲ್ಕನೆಯ ದಿನ ಹುಳ ಹಣ್ಣಾಯಿತು. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಾಗ ನನಗೆ ನೋವು ಬಂತು. ಸುಳ್ಳು ನೋವು, ಇನ್ನೂ ಎಂಟು ತುಂಬಿಲ್ಲ ಎಂದು ಅತ್ತೆ ಜೀರಿಗೆ ಕಷಾಯ ಕೊಟ್ಟರು. ಸೀರೆ ಒದ್ದೆಯಾದ ಮೇಲೆ ನಂಗಲಿ ಕಡೆಯಿಂದ ಬರುತ್ತಿದ್ದ ಒಂದು ಲಾರಿಗೆ ಕೈ ಅಡ್ಡ ಹಿಡಿದು ನನ್ನನ್ನು ಹತ್ತಿಸಿದರು. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ನಾಲಿಗೆ ನೋಡಿ, ಕೈಯ ಚರ್ಮ ಚಿವುಟಿ ನೋಡಿ, "ಒಣಗಿ ಹೋಗಿದ್ದೀಯಲ್ಲಮ್ಮ. ನಿನ್ನೆಯಿಂದ ಎಷ್ಟು ನೀರು ಕುಡಿದಿದ್ದೀಯ?" ಎಂದು ಕೇಳಿದರು. ನೆನಪು ಮಾಡಿಕೊಂಡೆ. ಒಂದು ಲೋಟ, ಅದರ ಮೇಲೆ ಕಷಾಯ. ಮೂತ್ರದಲ್ಲಿ ಕೀವು ಇದೆ, ಮೈಯಲ್ಲಿ ನೀರಿಲ್ಲ, ಅದಕ್ಕೇ ದಿನ ತುಂಬುವ ಮೊದಲೇ ಹೆರಿಗೆ ಶುರುವಾಗಿದೆ ಎಂದು ನಮ್ಮವರಿಗೂ ಅತ್ತೆಗೂ ಬಿಡಿಸಿ ಹೇಳಿದರು.

ಹೆಣ್ಣು ಮಗು. ಎರಡು ದಿನ ಇತ್ತು. ಅಳಲಿಲ್ಲ, ಕಣ್ಣು ಒಂದು ಸಲ ಬಿಟ್ಟಿತು. ಅದರ ಉಗುರು ಇನ್ನೂ ಸರಿಯಾಗಿ ಮೂಡಿರಲಿಲ್ಲ.

ಮೂರನೆಯ ದಿನ ನಮ್ಮವರು ಮಂಚದ ಪಕ್ಕ ಬಂದು ಕೂತರು. ಆಮೇಲೆ, "ಈ ಸಲ ಗೂಡು ಚೆನ್ನಾಗಿ ಬಂದೈತೆ," ಎಂದರು. ಏನು ಮಾತಾಡಬೇಕೆಂದು ತೋಚದೆ ಆಡಿದ ಮಾತು ಎಂದು ಅರ್ಥಮಾಡಿಕೊಳ್ಳುವಷ್ಟು ವಯಸ್ಸು ಈಗ ನನಗಾಗಿದೆ. ಅರ್ಥವಾಗುವುದು ಬೇರೆ, ಹೊಟ್ಟೆ ತಣ್ಣಗಾಗುವುದು ಬೇರೆ.

ಮನೆಗೆ ಬಂದ ಮೇಲೆ ಡಾಕ್ಟರಮ್ಮನ ಮಾತನ್ನು ಯಾರೂ ಎತ್ತಲಿಲ್ಲ. ಬಂದು ಹೋದವರಿಗೆಲ್ಲ ಅತ್ತೆ, ದೃಷ್ಟಿಯಾಯಿತು ಎಂದು ಹೇಳಿದರು. ನಾನು ನಮ್ಮವರಿಗೆ ಒಂದೇ ಮಾತು ಕೇಳಿಕೊಂಡೆ. ಹಿತ್ತಲಲ್ಲಿ ಒಂದು ಕಕ್ಕಸು ಕಟ್ಟಿಸಿ. ಮಳೆ ಬರಲಿ ಎಂದರು. ಮಳೆ ಬಂದ ವರ್ಷ ಹುಳದ ಮನೆಯ ಗೋಡೆ ಎತ್ತರಿಸಿದರು, ಸೆಕೆ ಕಡಿಮೆಯಾಗುತ್ತದಂತೆ. ಮುಂದಿನ ವರ್ಷ ಎಂದರು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷಕ್ಕೆ ನಾನು ಮತ್ತೆ ಬಸುರಿಯಾದೆ. ಮಳೆ ಕೈಕೊಟ್ಟಿದ್ದ ಮೂರನೆಯ ವರ್ಷ ಅದು. ಬೇಸಿಗೆ ಮೊದಲಿನದಕ್ಕಿಂತ ಕೆಟ್ಟದಾಗಿತ್ತು, ಸಂಜೆಯಾದರೂ ನೆಲ ಕಾಲು ಸುಡುತ್ತಿತ್ತು. ಸೊಪ್ಪಿಗೆಂದು ಹಿಪ್ಪುನೇರಳೆ ಕಟಾವಾಗಿ ತೋಟವೂ ಬೋಳು. ಆರನೇ ತಿಂಗಳಲ್ಲಿ ಮತ್ತೆ ಅದೇ ಉರಿ ಕಾಣಿಸಿತು, ಅದೇ ಸೊಂಟ ನೋವು. ಈ ಸಲ ನನಗೆ ಗೊತ್ತಿತ್ತು ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೆಂದು. ಮಧ್ಯಾಹ್ನ ಒಂದು ಗಂಟೆ ಇರಬಹುದು. ಹುಳ ಕೊನೆಯ ಹಂತದಲ್ಲಿತ್ತು. ಗೋಣಿತಾಟಿಗೆ ನೀರೆರಚುತ್ತಿದ್ದವಳು ಬಿಂದಿಗೆ ಎತ್ತಿ ಹಾಗೇ ಬಾಯಿಗೆ ಹಿಡಿದೆ. ಹೊಟ್ಟೆ ಬಿರಿಯುವಷ್ಟು ಕುಡಿದೆ.

ಕುಡಿದದ್ದು ಸ್ವಲ್ಪ ಹೊತ್ತಿಗೆ ತನ್ನ ದಾರಿ ಕೇಳಿತು. ಹುಳದ ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಚಂದ್ರಿಕೆಗಳನ್ನು ನೋಡಿದೆ. ಮೂರನ್ನು ಒಂದೊಂದಾಗಿ ಎಳೆದುಕೊಂಡು ಹಿತ್ತಲಿಗೆ ಹೋಗಿ, ದನ ಕಟ್ಟುವ ಗೂಟಗಳಿಗೆ ಹಗ್ಗದಿಂದ ಬಿಗಿದು ನಿಲ್ಲಿಸಿದೆ. ನಾಲ್ಕನೇ ಕಡೆಗೆ ಬಾಗಿಲು ಬೇಕಲ್ಲ, ಕುಡುಗೋಲು ತಂದು ಹುಳದ ಮನೆಯ ಪಡುವಣ ಕಡೆಯ ಎರಡು ಒದ್ದೆ ಗೋಣಿ ಕೊಯ್ದು ತಂದು ಇಳಿಬಿಟ್ಟೆ. ಒಳಗೆ ಹೋಗಿ ಕೂತೆ. ನೆತ್ತಿಯ ಮೇಲೆ ಸೂರ್ಯ, ಸುತ್ತ ಬಿದಿರು. ಮದುವೆಯಾಗಿ ಏಳು ವರ್ಷಕ್ಕೆ ಗಂಡನ ಮನೆಯಲ್ಲಿ ಮೊದಲ ಸಲ ನಾನು ಹಗಲು ಹೊತ್ತಿನಲ್ಲಿ ಒಂದಕ್ಕೆ ಹೋದೆ. ಉರಿಗೆ ಕಣ್ಣಲ್ಲಿ ನೀರು ಬಂತು, ಆದರೂ ಆಹಾ ಎನಿಸಿತು.

ಹೊರಗೆ ಬಂದರೆ ಅತ್ತೆ ನಿಂತಿದ್ದರು. ಹುಳ ಸಾಕುವವರಿಗೆ ಚಂದ್ರಿಕೆ ಎಂದರೆ ದೇವರ ಸಮಾನ. ಹಬ್ಬಕ್ಕೆ ಅರಿಶಿನ ಕುಂಕುಮ ಇಡುತ್ತಾರೆ, ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅತ್ತೆಯ ಮುಖ ಬಿಳುಚಿಕೊಂಡಿತ್ತು.

"ಚಂದ್ರಿಕೆ ಮರೆಗೆ ಉಚ್ಚೆ ಹುಯ್ತೀಯೇನೇ? ಯಾವ ಜನ್ಮದ ಪಾಪವೇ ನೀನು? ಆ ಗೋಣಿ ಕಿತ್ತಿದ್ದೀಯಲ್ಲ, ಪಡುವಣ ಬಿಸಿಲು ಹೊಡೆದು ಹುಳ ಎಲ್ಲಾ ಸಾಯ್ತದಲ್ಲೇ!"

"ಸಾಯ್ಲಿ. ಹುಳ ಸತ್ತರೆ ನಾಳೆ ಇನ್ನೊಂದು ಸಲ ಮೊಟ್ಟೆ ತರ್ತೀರಿ," ಎಂದೆ.

ನಾನು ಅವರ ಎದುರಿಗೇ ಚೊಂಬು ತುಂಬಿಸಿ ಇನ್ನೊಂದು ಸಲ ಕುಡಿದೆ. ಬಾಯಾರಿಕೆ ಆಗಲೇ ಹೋಗಿತ್ತು. ಅವರು ನೋಡಲಿ ಎಂದು ಕುಡಿದೆ.

ಆ ಬೆಳೆಯಲ್ಲಿ ಪಡುವಣ ಮಗ್ಗುಲಿನ ತಟ್ಟೆಗಳೆಲ್ಲ ಸಪ್ಪೆ ರೋಗಕ್ಕೆ ಹೋದವು. ನಮ್ಮವರು ಸತ್ತ ಹುಳಗಳನ್ನು ಬುಟ್ಟಿಗೆ ತುಂಬಿ ಗುಂಡಿಗೆ ಸುರಿದು ಬಂದು, ನನ್ನ ಜೊತೆ ಹತ್ತು ದಿನ ಮಾತು ಬಿಟ್ಟರು. ಮೂರು ಚಂದ್ರಿಕೆಯನ್ನು ಯಾರೂ ವಾಪಸ್ಸು ಒಳಗೆ ತರಲಿಲ್ಲ, ಮೈಲಿಗೆಯಾಗಿತ್ತಲ್ಲ. ಅದರಿಂದ ನನಗೇ ಅನುಕೂಲವಾಯಿತು. ಪಕ್ಕದ ಮನೆಯ ಸೊಸೆ, ಅವಳೂ ಐದು ತಿಂಗಳ ಬಸುರಿ, ಮೊದಮೊದಲು ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬರುತ್ತಿದ್ದಳು. ಆಮೇಲೆ ನೆಪ ಬಿಟ್ಟು ಚೊಂಬು ಹಿಡಿದೇ ಬಂದಳು. ಒಂದು ಮಧ್ಯಾಹ್ನ ನಾನು ಜಗಲಿಯ ಮೇಲೆ ಕೂತು ಸೊಪ್ಪು ಹೆಚ್ಚುತ್ತಿದ್ದಾಗ ಗೋಣಿ ಸರಿಸಿಕೊಂಡು ಅತ್ತೆ ಹೊರಗೆ ಬಂದರು. ನನ್ನನ್ನು ನೋಡಿಯೂ ನೋಡದವರಂತೆ ದನದ ಕಡೆ ಹೋದರು. ನಾನೂ ತಲೆ ಎತ್ತಲಿಲ್ಲ. ಪಾಪ ಎನಿಸಬೇಕಿತ್ತು, ಎನಿಸಲಿಲ್ಲ. ಈಗ ಬಂದೆಯಲ್ಲ ಎನಿಸಿತು.

ಈ ಸಲ ಏಳನೇ ತಿಂಗಳು ಹಿಡಿದ ದಿನವೇ, ಯಾರನ್ನೂ ಕೇಳದೆ, ನಾನೇ ಮುಳಬಾಗಿಲಿಗೆ ಹೋಗಿ ತವರಿಗೆಂದು ಶ್ರೀನಿವಾಸಪುರದ ಬಸ್ಸು ಹತ್ತಿದೆ. ತೋಪಿನ ನೆರಳಿನಲ್ಲಿ ಬೇಕಾದಷ್ಟು ನೀರು ಕುಡಿದೆ, ಬೇಕಾದಾಗ ಎದ್ದು ಹೋದೆ. ದಿನ ತುಂಬಿ ಗಂಡು ಮಗು ಹುಟ್ಟಿತು. ಹುಟ್ಟಿದ ಕ್ಷಣವೇ ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ನಾನು ಅದಕ್ಕಿಂತ ಜೋರಾಗಿ ಅತ್ತೆ.

ಐದನೇ ತಿಂಗಳಲ್ಲಿ ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಬಂದೆ. ಎಣ್ಣೆ ಹಚ್ಚಿ ನೀರು ಹಾಕುವ ಕೆಲಸವನ್ನು ಅತ್ತೆ ಕೇಳದೆಯೇ ವಹಿಸಿಕೊಂಡರು. ಒಂದು ಬೆಳಗ್ಗೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಉಜ್ಜುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಅಂದ್ರೆ ಮೊದಲನೇದನ್ನ ನಾನೇ ಕೊಂದೆ ಅಂತ ತಾನೇ ನಿನ್ನ ಮನಸ್ನಾಗಿರೋದು?"

ಮಗುವಿನ ಎದೆಯ ಮೇಲೆ ಅವರ ಕೈ ನಿಂತಿತ್ತು. ನನಗೆ ಗೊತ್ತಿತ್ತು. ಬಿಸಿಲನ್ನು ಏರಿಸಿದ್ದು ಇವರಲ್ಲ, ಕೆರೆಯನ್ನು ಬತ್ತಿಸಿದ್ದು ಇವರಲ್ಲ. ತಮ್ಮ ಮೈಗೆ ಸರಿಹೋಗಿದ್ದನ್ನೇ ನನಗೂ ಹೇಳಿದ್ದರು, ಆ ಹವೆ ಹೋಗಿಬಿಟ್ಟಿದೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಎರಡು ವಾರ ಬಾಯಿ ಮುಚ್ಚಿಕೊಂಡಿದ್ದವಳು ನಾನು. ಬಸ್ಸು ಹತ್ತಿ ಹೋದವಳು ನನ್ನಮ್ಮ. ಇಲ್ಲ ಅತ್ತೆ, ಹಾಗಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಮುದುಕಿ ಅದನ್ನೇ ಕಾಯುತ್ತಿದ್ದರು. ಆದರೆ ಬಿಸಿಲಿನ ಜುಟ್ಟು ಹಿಡಿದು ನ್ಯಾಯ ಕೇಳಲು ನನ್ನಿಂದ ಆಗುತ್ತದೆಯೇ? ಕೈಗೆ ಸಿಕ್ಕಿದ್ದವರು ಇವರೊಬ್ಬರು.

"ಎಣ್ಣೆ ಕಣ್ಣಿಗೆ ಇಳೀತೈತೆ, ನೋಡ್ಕೊಂಡು ಹಚ್ಚಿ," ಎಂದೆ.

ಅವರು ಸೆರಗಿನ ತುದಿಯಿಂದ ಮಗುವಿನ ಹಣೆ ಒರೆಸಿದರು. ಮತ್ತೆ ಯಾವತ್ತೂ ಆ ಮಾತು ಕೇಳಲಿಲ್ಲ. ಅದೇ ಮನೆಯಲ್ಲಿ, ನನ್ನ ಜೊತೆ, ಇನ್ನೂ ಆರು ವರ್ಷ ಬದುಕಿದ್ದರು. ನಾನು ಇಲ್ಲ ಎನ್ನಲಿಲ್ಲ.